ಮಂಡಿ ಚೆನ್ನಾಗಿದೆ

ಎಡಗಾಲಿನಲ್ಲಿ ಚಪ್ಪಲಿ ನಿಲ್ಲುತ್ತಿರಲಿಲ್ಲ.

ಶುರುವಾದದ್ದು ಹಾಗೆ. ನಮ್ಮೂರು ಕಲ್ಯದಲ್ಲಿ ಮನೆಯಿಂದ ಹಾಲಿನ ಡೇರಿಗೆ ಹೋಗುವಷ್ಟರಲ್ಲಿ ಹವಾಯಿ ಚಪ್ಪಲಿ ಎರಡು ಸಲ ಜಾರಿ ಹಿಂದೆ ಉಳಿಯಿತು. ಮುಂಗಾಲು ಮೇಲೇಳದೆ ನೆಲಕ್ಕೆ ಬಡಿಯುತ್ತಿತ್ತು. ಡೇರಿ ಜಗಲಿಯ ಮೇಲೆ ಕೂತಿದ್ದ ಗೆಳೆಯ ಕೆಂಪಣ್ಣ ನೋಡಿ ನಕ್ಕ.

"ಏನ್ಲಾ, ಐಸಲ್ಲಿ ಬಿದ್ದ ಮಂಡಿ ಇನ್ನೂ ಕಾಡ್ತಾ ಐತಾ?"

"ಊಂ ಕಣ್ಲಾ, ಅದೇ," ಎಂದೆ. ಹೆಮ್ಮೆಯಿಂದಲೇ ಎಂದೆ.

ಆ ಹೆಮ್ಮೆಯ ವಿಷಯ ಹೇಳಲೇಬೇಕು. ನನ್ನನ್ನು ಕೆಡಿಸಿದ್ದು ಅದೇ. ಸೈನ್ಯದಲ್ಲಿದ್ದಾಗ ನನ್ನನ್ನು ಹಿಮದ ಬೆಟ್ಟಕ್ಕೆ ಹಾಕಿದರು. ಐಸ್ ಕ್ಯಾಂಡಿ ಬಿಟ್ಟರೆ ಬೇರೆ ಹಿಮ ಕಾಣದ ಮಾಗಡಿ ಸೀಮೆಯವನು ಅಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಸ್ಕೀ ಕಲಿತೆ. ಒಮ್ಮೆ ಹೊರದೇಶದ ಪಂದ್ಯಕ್ಕೂ ಹೋದೆ. ಗಂಡಸರ ಕಂಬೈಂಡ್. ಬೆಳಿಗ್ಗೆ ಡೌನ್‌ಹಿಲ್, ಬೆಟ್ಟದ ತಲೆಯಿಂದ ಬುಡಕ್ಕೆ ಒಂದೇ ಓಟ. ಮಧ್ಯಾಹ್ನ ಸ್ಲಾಲಂ, ಹಿಮದಲ್ಲಿ ನೆಟ್ಟ ಕೆಂಪು, ನೀಲಿ ಕೋಲುಗಳನ್ನು ಎಡಕ್ಕೂ ಬಲಕ್ಕೂ ಸುತ್ತುತ್ತಾ ಇಳಿಯಬೇಕು. ಎರಡರ ಸಮಯವನ್ನೂ ಕೂಡಿಸುತ್ತಾರೆ. ಒಂದೇ ಒಂದು ಕೋಲು ಬಿಟ್ಟರೂ ಬೆಳಗಿನದೂ ಸೇರಿ ಎಲ್ಲ ಹೋಯಿತು. ಬೇಕಾದರೆ ವಾಪಸ್ ಹತ್ತಿ, ಬಿಟ್ಟ ಕೋಲನ್ನು ಸುತ್ತಿ ಬರಬಹುದು.

ನಾನು ಸ್ಲಾಲಂನಲ್ಲಿ ಬಿದ್ದೆ. ಎಡಮಂಡಿ ತಿರುಚಿಕೊಂಡಿತು. ಸುತ್ತಬೇಕಿದ್ದ ಒಂದು ಕೋಲು ಮೇಲೆ ಉಳಿದುಹೋಗಿತ್ತು. ಅಡ್ಡಡ್ಡ ಹೆಜ್ಜೆ ಇಟ್ಟುಕೊಂಡು ಕುಂಟುತ್ತಾ ಹತ್ತಿದೆ, ಸುತ್ತಿದೆ, ಇಳಿದೆ. ಮುಗಿಸಿದವರಲ್ಲಿ ಕಟ್ಟಕಡೆಯವನು. ಆದರೆ ಪಟ್ಟಿಯಲ್ಲಿ ಹೆಸರಿತ್ತು. ಆ ಹಾಳೆಯನ್ನು ಹೆಂಡತಿ ಜಯಮ್ಮ ಲ್ಯಾಮಿನೇಷನ್ ಮಾಡಿಸಿ ದೇವರ ಫೋಟೋಗಳ ಪಕ್ಕ ತೂಗುಹಾಕಿದ್ದಾಳೆ. ಮೂವತ್ತು ವರ್ಷ ಈ ಕಥೆ ಹೇಳಿ ಊರವರ ತಲೆ ತಿಂದಿದ್ದೇನೆ.

ಹಾಗಾಗಿ ಕಾಲು ಎಳೆಯತೊಡಗಿದಾಗ ಕಾರಣ ಇಡೀ ಊರಿಗೆ ಗೊತ್ತಿತ್ತು.

ಜಯಮ್ಮ ಒಬ್ಬಳು ಒಪ್ಪಲಿಲ್ಲ. "ಮಂಡಿ ನೋಯ್ತಾನೆ ಇಲ್ಲ ಅಂತೀರ. ನೋವಿಲ್ದೆ ಇರೋ ಪೆಟ್ಟು ಎಂಥದ್ದು? ಒಸಿ ದೊಡ್ಡಾಸ್ಪತ್ರೆಗೆ ತೋರ್ಸವಾ."

"ನನ್ನ ಮಂಡಿ ವಿಷ್ಯ ನನಗೆ ಗೊತ್ತಿಲ್ವೇನೇ?" ಎಂದು ರೇಗಿದೆ.

ಕಟ್ಟು ಹಾಕುವ ಅಜ್ಜ ಒಬ್ಬರ ಬಳಿಗೆ ಭಾನುವಾರ ಭಾನುವಾರ ಬಸ್ಸು ಹತ್ತಿದೆ. ಅವರು ಎಣ್ಣೆ ಹಾಕಿ ನೀವಿ, ಮೊಟ್ಟೆಯ ಬಿಳಿ ಬಳಿದ ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು ಬಿಗಿಯುತ್ತಿದ್ದರು. ಅವರ ತಪ್ಪೇನೂ ಇಲ್ಲ. ನಾನು ತೋರಿಸಿದ ಕಡೆ ಕಟ್ಟಿದರು. ಏಳು ತಿಂಗಳು ಹೀಗೇ ಕಳೆಯಿತು. ಕಾಲು ಸಣ್ಣಗಾಯಿತು, ಕಟ್ಟು ಬಿಗಿಯಾಗಿದ್ದಕ್ಕೆ ಅಂದುಕೊಂಡೆ. ತೊಡೆಯ ಮಾಂಸ ಒಳಗೊಳಗೇ ಹುಳು ಹರಿದಂತೆ ಅದುರುತ್ತಿತ್ತು. ನರಕ್ಕೆ ಜೀವ ಬರ್ತಾ ಇದೆ ಎಂದು ಜಯಮ್ಮನಿಗೆ ಸಮಾಧಾನ ಹೇಳಿದೆ.

ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಬಲಗೈ ಬೆರಳುಗಳಿಗೆ ಆಗಲಿಲ್ಲ.

ಮಂಡಿಯ ಪೆಟ್ಟು ಬೆರಳಿಗೆ ಹೇಗೆ ಬಂತು?

ಡೌನ್‌ಹಿಲ್‌ನಲ್ಲಿ ನಿಂತಾಗಲೂ ಅಂಥ ಭಯ ಆಗಿರಲಿಲ್ಲ. ಅರ್ಧ ಗುಂಡಿ ಹಾಕಿದ ಅಂಗಿಯಲ್ಲೇ ಹೊರಗೆ ಬಂದೆ. ಜಯಮ್ಮ ನೋಡಿದಳು, ಮಿಕ್ಕ ಗುಂಡಿಗಳನ್ನು ಹಾಕಿದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಇಎಂಜಿ ಎಂದು ಕಾಲು, ಕೈ, ಕೊನೆಗೆ ನಾಲಿಗೆಗೂ ಸೂಜಿ ಚುಚ್ಚಿ ನೋಡಿದರು. ನಮ್ಮ ಮಗಳ ವಯಸ್ಸಿನ ನ್ಯೂರಾಲಜಿಸ್ಟ್ ರಿಪೋರ್ಟನ್ನು ಎರಡು ಸಲ ಓದಿದರು.

"ಮೋಟಾರ್ ನ್ಯೂರಾನ್ ಡಿಸೀಸ್. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ."

"ಮತ್ತೆ ಮಂಡಿ?" ಎಂದೆ.

"ಮಂಡಿ ಚೆನ್ನಾಗಿದೆ ಸಾರ್."

ಜಯಮ್ಮ ಕೇಳಿದಳು, "ಏಳ್ ತಿಂಗ್ಳು ಮುಂಚೆ ಬಂದಿದ್ರೆ ವಾಸಿ ಆಯ್ತಿತ್ತಾ ಮೇಡಂ?"

"ವಾಸಿ ಮಾಡುವ ಔಷಧಿ ಇಲ್ಲಮ್ಮ. ಸ್ವಲ್ಪ ನಿಧಾನ ಮಾಡುವ ಮಾತ್ರೆ ಇದೆ. ಅದನ್ನು ಬೇಗ ಶುರು ಮಾಡಬಹುದಿತ್ತು."

ಆ 'ಸ್ವಲ್ಪ' ಎಷ್ಟು ಎಂದು ನಾನು ಕೇಳಲಿಲ್ಲ. ಈಗ ದಿನವೂ ಕೇಳಿಕೊಳ್ಳುತ್ತೇನೆ. ಅದರಲ್ಲಿ ಒಂದು ಯುಗಾದಿ ಇತ್ತೇ, ಎರಡಿತ್ತೇ? ವಾಪಸ್ ಬರುವ ಬಸ್ಸಿನಲ್ಲಿ ಜಯಮ್ಮ ರಿಪೋರ್ಟಿನ ಕವರನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ಸ್ನಾನ ಅವಳ ಕೈಯಲ್ಲಿ. ಮುದ್ದೆಯನ್ನು ಚಿಕ್ಕ ಚಿಕ್ಕ ತುತ್ತು ಮಾಡಿ ಬಾಯಿಗಿಡುತ್ತಾಳೆ, ನುಂಗುವವರೆಗೆ ಗಂಟಲನ್ನೇ ನೋಡುತ್ತಾಳೆ. ಮಾತಾಡುವಾಗ ನಾಲಿಗೆ ದಪ್ಪವಾದಂತೆ ತೊದಲುತ್ತದೆ. ಬೇಗ ಮುಗಿದುಹೋಗಲಿ ಎಂದು ಬಯಸಿದ ದಿನಗಳಿವೆ, ಸುಳ್ಳು ಹೇಳುವುದಿಲ್ಲ. ಬೆರಳು ಬಾರದ್ದರಿಂದ ಇದನ್ನೂ ಅವಳಿಗೆ ಹೇಳಿ ಬರೆಸುತ್ತಿದ್ದೇನೆ. ಅವಳನ್ನು ಹೊಗಳಿ ಎರಡು ಸಾಲು ಹೇಳಿದೆ, ಬರೆಯಲಿಲ್ಲ.

ಬೀಳುವುದು ತಿರುಗುವಾಗಲೇ, ಆದ್ದರಿಂದ ವಾಕರ್ ಹಿಡಿದು ದಿನಾ ಸ್ವಲ್ಪ ಹೊತ್ತು ತಿರುಗುವುದನ್ನು ಅಭ್ಯಾಸ ಮಾಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ಜಯಮ್ಮ ಅಂಗಳದಲ್ಲಿ ಆರು ಹಿಪ್ಪುನೇರಳೆ ಕಡ್ಡಿ ನೆಟ್ಟಳು. ಒಂದು ಬಿಟ್ಟು ಒಂದಕ್ಕೆ ಅವಳ ಹಳೆಯ ಕೆಂಪು ಸೀರೆಯ ಚೂರು ಕಟ್ಟಿದಳು, ಮಿಕ್ಕವಕ್ಕೆ ನನ್ನ ನೀಲಿ ಲುಂಗಿಯದು. ನನ್ನ ಕಥೆಯನ್ನು ಇಷ್ಟು ಗಮನವಿಟ್ಟು ಕೇಳಿದ್ದಳು ಎಂದು ಗೊತ್ತಾದದ್ದೇ ಆವತ್ತು. ಮೊದಮೊದಲು ಆರನ್ನೂ ಸುತ್ತುತ್ತಿದ್ದೆ. ಕೆಂಪಣ್ಣ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಾ ಕಾಮೆಂಟರಿ ಹೇಳುತ್ತಿದ್ದ.

ಹೋದ ವಾರ ನಾಲ್ಕನೆಯ ಕೋಲಿನ ಹತ್ತಿರ ವಾಕರ್ ತಿರುಗಲಿಲ್ಲ. ನೇರ ಮುಂದಕ್ಕೆ ಹೋಗಿಬಿಟ್ಟೆ.

"ಲೇ, ಒಂದ್ ಬುಟ್ಬುಟ್ಟೆ ಕಣ್ಲಾ! ವಾಪಸ್ ಬಾ!" ಎಂದು ಕೆಂಪಣ್ಣ ಕೂಗಿದ. ಕೂಗಿದ ಮೇಲೆ ತಲೆ ತಗ್ಗಿಸಿದ.

ಕೋಲು ಎರಡೇ ಹೆಜ್ಜೆ ಹಿಂದಿತ್ತು. ಬೆಟ್ಟವೇನಲ್ಲ, ಸಗಣಿ ಸಾರಿಸಿದ ಸಪಾಟು ಅಂಗಳ. ಕಾಲಿಗೆ ಹೇಳಿದೆ. ಅದು ಕೇಳಲಿಲ್ಲ. ನಿಂತಲ್ಲೇ ಜೋರಾಗಿ ಅತ್ತೆ. ಕಣ್ಣು ಒರೆಸಿಕೊಳ್ಳಲು ವಾಕರ್ ಬಿಡುವ ಹಾಗೂ ಇರಲಿಲ್ಲ.

ಜಯಮ್ಮ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು. ಆ ಕೋಲನ್ನು ಕಿತ್ತು ತಂದು ನನ್ನ ಮುಂದೆ, ಒಂದು ಹೆಜ್ಜೆ ಬಲಕ್ಕೆ ನೆಟ್ಟಳು.

"ಈಗ ಸುತ್ಕೊಂಡು ಬನ್ನಿ."

"ಅದು ರೂಲ್ಸಲ್ಲಿಲ್ಲ ಕಣೇ."

"ಮಂಡಿ ವಿಷ್ಯದಲ್ಲಿ ನಿಮ್ ಮಾತು ಕೇಳ್ದೆ. ಇದೊಂದು ನನ್ ಮಾತು ಕೇಳಿ."

ಏಳು ತಿಂಗಳ ಬಗ್ಗೆ ಅವಳು ನನಗೆ ಆಡಿದ್ದು ಅದೊಂದೇ ಮಾತು. ಸುತ್ತಿಕೊಂಡು ಬಂದೆ. ಕೆಂಪಣ್ಣನ ಟೀ ಆರಿಹೋಗಿತ್ತು.

ಇವತ್ತು ಅಂಗಳದಲ್ಲಿ ಮೂರೇ ಕೋಲುಗಳಿವೆ. ಮಿಕ್ಕ ಮೂರನ್ನು ಜಯಮ್ಮ ನನ್ನ ಸ್ನಾನದ ನೀರೊಲೆಗೆ ಹಾಕಿದಳು. ಇರುವ ಮೂರನ್ನೂ ಸುತ್ತಿದೆ.