ದವಡೆಯಾದ ಕಾಲಿನ ಎಲುಬು

“ಹಗೂರಕ ಮಾಡೋ ತಮ್ಮಾ. ಎಡಗಡೆ ಬ್ಲೇಡು ತಾಗಿದ್ರೂ ನನಗ ಗೊತ್ತಾಗಂಗಿಲ್ಲ. ಅಲ್ಲಿರೂದು ನನ್ನ ಕಾಲಿನ ಎಲುಬು.”

ರಾಮದುರ್ಗದ ನನ್ನ ಕಟಿಂಗ್ ಅಂಗಡಿಯಲ್ಲಿ, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಸಾಲಹಳ್ಳಿಯ ಈರಪ್ಪ ಕಾಕಾ ಹೀಗೆಂದಾಗ ನನ್ನ ಕೈ ಅಲ್ಲೇ ನಿಂತಿತು.

ಕ್ಯಾನ್ಸರ್ ಆಗಿ ಅವರ ಎಡ ದವಡೆಯನ್ನೇ ತೆಗೆದಿದ್ದಾರೆಂದು ಕೇಳಿದ್ದೆ. ಇನ್ನು ಆ ಮುಖವನ್ನು ಹೇಗೆ ನೋಡಲಿ ಎಂದು ಅಂಜಿಯೂ ಇದ್ದೆ. ಆದರೆ ಎದುರಿಗಿದ್ದದ್ದು ಹೆಚ್ಚುಕಡಿಮೆ ಅದೇ ಹಳೆಯ ಮುಖ. ಗದ್ದದ ಕೆಳಗೊಂದು ಉದ್ದನೆಯ ಗೆರೆ ಮಾತ್ರ ಹೊಸದು.

ಕಾಕಾ ದೋತರ ಸರಿಸಿ, ಮೊಣಕಾಲಿನ ಕೆಳಗಿನ ಹೊಲಿಗೆಯ ಗುರುತು ತೋರಿಸಿದರು. ಡಾಕ್ಟರು ಅಲ್ಲಿಯ ಎಲುಬನ್ನು ರಕ್ತನಾಳದ ಸಮೇತ ತೆಗೆದು, ದವಡೆಯ ಆಕಾರಕ್ಕೆ ಕತ್ತರಿಸಿ ಕೂಡಿಸಿ, ಅದರ ರಕ್ತನಾಳವನ್ನು ಕುತ್ತಿಗೆಯ ನಾಳಕ್ಕೆ ಜೋಡಿಸಿದ್ದರಂತೆ. ಹಳೆಯ ದವಡೆಯ ಜೊತೆ ಅಲ್ಲಿಯ ನರವೂ ಹೋಗಿದ್ದರಿಂದ ಆ ಕಡೆ ಮುಟ್ಟಿದರೆ ತಿಳಿಯುವುದಿಲ್ಲವಂತೆ.

“ಹಂಗಾದ್ರ ನಡಿಯೂದು ಹೆಂಗ್ರಿ ಕಾಕಾ?”

“ಬಸ್‌ ಸ್ಟ್ಯಾಂಡಿನಿಂದ ನಡಕೋತನ ಬಂದೇನಲ್ಲೋ! ಅಲ್ಲಿ ಎರಡು ಎಲುಬು ಇರ್ತಾವಂತ. ಸಣ್ಣದು ತಗದಾರ.”

ನನ್ನ ಬೆರಳು ಹಿಡಿದು ತಮ್ಮ ದವಡೆಯ ಮೇಲೆ ಇಟ್ಟರು. ಗಟ್ಟಿಯಾಗಿತ್ತು, ಬೆಚ್ಚಗಿತ್ತು. ಆಮೇಲೆ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಒರಗಿಸಿ, ತಮಗೇ ಗೊತ್ತಾಗದ ಆ ಅರ್ಧ ಮುಖವನ್ನು ನನ್ನ ಕೈಗೆ ಒಪ್ಪಿಸಿಬಿಟ್ಟರು. ಉಸಿರು ಬಿಗಿಹಿಡಿದು ದಾಡಿ ಮಾಡಿದೆ. ಒಂದು ಗೀರೂ ಬೀಳಲಿಲ್ಲ. ಕನ್ನಡಿ ನೋಡಿಕೊಂಡ ಕಾಕಾ, ಸ್ವಲ್ಪ ಸೊಟ್ಟಗಾದರೂ ಬಾಯಿ ತುಂಬ ನಕ್ಕರು.

ಮೂವತ್ತು ವರ್ಷದಿಂದ ಜನರ ಮುಖ ಮುಟ್ಟಿದ್ದೇನೆ. ಆ ಸಂಜೆ ಮನೆಗೆ ನಡೆಯುವಾಗ ಮಾತ್ರ, ಇಷ್ಟು ದಿನ ನನ್ನನ್ನು ಸುಮ್ಮನೆ ಹೊತ್ತು ತಿರುಗಿದ ಕಾಲುಗಳ ಮೇಲೆ ಮೊದಲ ಸಲ ಗೌರವ ಬಂತು.