ಸವಳು ನೀರಿನ ನೊರೆ

ಈಗಲೂ ಮಧ್ಯಾಹ್ನ ಕಣ್ಣು ಹತ್ತಿದರೆ ನನಗೆ ನೊರೆ ಕಾಣುತ್ತದೆ. ಬನಹಟ್ಟಿಯ ನಮ್ಮ ಓಣಿಯ ಒಗೆಯುವ ಕಲ್ಲಿನಿಂದ ಏಳುತ್ತದೆ. ಗುಳ್ಳೆಗಳ ಮೇಲೆ ಸೀರೆಯಂಚಿನ ಬಣ್ಣಗಳು ಆಡುತ್ತವೆ, ಎಲ್ಲೋ ಮಗ್ಗದಲ್ಲಿ ಲಾಳಿ ಓಡಾಡುವ ಸದ್ದು. ಅವ್ವ ನನಗೆ ಬೆನ್ನು ಮಾಡಿ ಕೂತಿರುತ್ತಾಳೆ. ಕೈ ತೋರಿಸು ಅನ್ನುತ್ತೇನೆ, ತಿರುಗುವುದಿಲ್ಲ. ಅಷ್ಟರಲ್ಲಿ ಎಚ್ಚರವಾಗುತ್ತದೆ, ಸಿಟ್ಟೂ ಬರುತ್ತದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು.

ನಾನು ಕೆಮಿಸ್ಟ್. ಔಷಧದ ಅಂಗಡಿಯವಳಲ್ಲ ಮಾರಾಯರೇ, ಇದನ್ನು ಹೇಳಿ ಹೇಳಿ ಆಯುಷ್ಯವೇ ಸವೆಯಿತು. ಸಾಬೂನು, ಹಲ್ಲುಪುಡಿ, ತಲೆಯೆಣ್ಣೆ, ಮನೆಮನೆಗೆ ಹೋಗುವ ಇಂಥ ಸಾಮಾನುಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳೇ ಅಲ್ಲೇ ಊರಾಚೆಯ ಒಂದು ಸಣ್ಣ ಸಾಬೂನು ಕಾರ್ಖಾನೆ ಸೇರಿ, ಬಾಡಿಗೆ ಕೋಣೆ ಹಿಡಿದು ಉಳಿದೆ. ನಮ್ಮ ಕಡೆ ಇನ್ನೂ ಟಿ.ವಿ. ಬಂದಿರಲಿಲ್ಲ. ನೇಕಾರರ ಮನೆಯ ಹುಡುಗಿ ಬಿಳಿ ಕೋಟು ಹಾಕಿಕೊಳ್ಳುತ್ತಾಳಂತೆ ಅನ್ನುವುದೇ ಓಣಿಯಲ್ಲಿ ದೊಡ್ಡ ಸುದ್ದಿಯಾಗಿತ್ತು.

ಲ್ಯಾಬ್ ಅಂದರೆ ಒಂದೇ ಕೋಣೆ. ಕಿಟಕಿಯಾಚೆ ಬೇವಿನ ಮರ. ಒಳಗೆ ತಕ್ಕಡಿ, ಗಾಜಿನ ಸಾಮಾನು, ಮೂಲೆಯಲ್ಲಿ ನೀರನ್ನು ಬಟ್ಟಿ ಇಳಿಸುವ ಯಂತ್ರ. ಅದರ ಕೊಳವೆಯಿಂದ ದಿನವಿಡೀ ಶುದ್ಧ ನೀರು ಹನಿಹನಿಯಾಗಿ ಬೀಳುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಬೇವಿನ ಹೂವಿನ ವಾಸನೆಯಲ್ಲಿ ಆ ಹನಿಗಳನ್ನೇ ನೋಡುತ್ತ ಕೂತರೆ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಉಪ್ಪಿಲ್ಲದ, ಸುಣ್ಣವಿಲ್ಲದ, ರುಚಿಯೇ ಇಲ್ಲದ ನೀರು. ಆ ನೀರಿನ ಮೇಲೆ ನನಗೆ ವಿಪರೀತ ಪ್ರೀತಿ. ನನ್ನ ಎಲ್ಲ ಪರೀಕ್ಷೆಗಳನ್ನೂ ಪುಸ್ತಕದಲ್ಲಿ ಹೇಳಿದಂತೆ ಅದರಲ್ಲೇ ಮಾಡುತ್ತಿದ್ದೆ.

ಎರಡನೆಯ ವರ್ಷ ಮಾಲಕರು ಹೊಸ ಬಟ್ಟೆ ಸಾಬೂನಿನ ಕೆಲಸವನ್ನು ನನಗೇ ಒಪ್ಪಿಸಿದರು. ವಯಸ್ಸಾದವರು, ಮಾತು ಕಡಿಮೆ. "ನೋಡ ತಂಗಿ, ಒಗಿಯೋ ಹೆಣ್ಣಮಕ್ಕಳ ಕಡೆ ಕೊಟ್ಟ ಬರಸ್ಕೊಂಡ ಬಾ. ಅವರು ಛಲೋ ಅಂದ್ರ ನಿನ್ನ ನೌಕರಿ ಕಾಯಂ. ಇಲ್ಲಂದ್ರ ಮುಂಬೈಯಿಂದ ಒಬ್ಬರನ್ನ ಕರಸ್ತೇನಿ" ಅಂದರು. ಆ ಮಾತನ್ನು ಅವ್ವನಿಗೆ ಹೇಳಿದ್ದೇ ನನ್ನ ತಪ್ಪು.

ಲ್ಯಾಬಿನಲ್ಲಿ ನನ್ನ ಸಾಬೂನು ಮೋಡದಂತೆ ನೊರೆ ಕೊಟ್ಟಿತು. ಹೆಣ್ಣುಮಕ್ಕಳನ್ನು ಹುಡುಕಲು ದೂರ ಯಾಕೆ ಹೋಗಲಿ? ನಮ್ಮ ಓಣಿಯ ಹತ್ತು ಮನೆಗೆ ಕೊಟ್ಟೆ. ವಹಿಯಲ್ಲಿ ಮೂರು ಕಾಲಂ ಹಾಕಿದೆ: ನೊರೆ, ಕೊಳೆ, ಬಣ್ಣ. ರವಿವಾರ ಬಸ್ಸಿನಲ್ಲಿ ಹೋಗಿ ಎಲ್ಲರನ್ನೂ ಕೇಳಿ ಬರೆದುಕೊಳ್ಳುವುದು.

"ಭಾಳ ಛಲೋ ಐತಿ, ಬರಕೋ" ಅಂದಳು ಅವ್ವ. "ನೊರಿ ಅಂದ್ರ ನೊರಿ! ಹಾಲ ಉಕ್ಕಿದಂಗ ಉಕ್ಕತೈತಿ."

ಬಾಜೂ ಮನೆಯ ಕಾಕಿಯೂ ಅದನ್ನೇ ಅಂದಳು. ಹತ್ತೂ ಮನೆಯಲ್ಲಿ ಅದೇ ಮಾತು. ಆ ರವಿವಾರಗಳು ಈಗ ನೆನೆಸಿಕೊಂಡರೆ ಬೆಳಕಿನಲ್ಲಿ ತೇಲಿದಂತಿವೆ. ಓಣಿಯುದ್ದಕ್ಕೂ ಬಿಸಿಲಿಗೆ ಚಾಚಿದ ನೂಲು, ಗಂಜಿಯ ವಾಸನೆ, ನಾನು ವಹಿ ಹಿಡಿದು ನಡೆದರೆ ಕಟ್ಟೆಯ ಮೇಲಿನ ಮುದುಕರು "ಸಬಕಾರದ ಸಾಹೇಬ್ರು ಬಂದ್ರು" ಅಂತ ಕಾಡಿಸುತ್ತಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಊಟ ಬಡಿಸುವಾಗ ಅವ್ವ ಪಾತ್ರೆಯನ್ನು ಸೆರಗಿನಿಂದ ಹಿಡಿದಿದ್ದಳು. ಬಿಸಿ ಇರಬೇಕು ಅಂದುಕೊಂಡೆ.

ವಹಿ ನೋಡಿ ಮಾಲಕರು ಅಚ್ಚು ಕೊರೆಯಲು ಹೇಳಿದರು, ಬಿಲ್ಲೆಗೆ ಸುತ್ತುವ ಕಾಗದವೂ ಛಾಪಾಗಿ ಬಂತು. ಬರುವ ಸಂತೆಗೆ ಮಾಲು ಹೊರಗೆ ಹೋಗಬೇಕು. ಅದಕ್ಕೆ ಮುಂಚೆ ಒಗೆದ ನೀರಿನಲ್ಲಿ ಸಾಬೂನು ಎಷ್ಟು ದಂಡವಾಗುತ್ತದೆ ನೋಡು ಅಂದರು. ಹತ್ತು ಮನೆಯಿಂದ ಒಗೆದ ನೀರನ್ನು ಹತ್ತು ಬಾಟಲಿ ತುಂಬಿಸಿ ತರಿಸಿದೆ.

ಮೊದಲ ಬಾಟಲಿಯ ನೀರಿಗೆ ಎರಡು ಹನಿ ಸೂಚಕ ಹಾಕಿದೆ. ಕ್ಷಾರ ಕಂಡರೆ ಅದು ಗುಲಾಬಿಯಾಗುತ್ತದೆ, ಮೇಲಿನ ಗಾಜಿನ ಕೊಳವೆ, ಬ್ಯೂರೆಟ್ಟಿನಿಂದ ಆಮ್ಲ ಬಿಡುತ್ತ ಹೋದರೆ ಬಣ್ಣ ಹೋಗುತ್ತದೆ. ಎಷ್ಟು ಆಮ್ಲ ಹಿಡಿಯಿತೋ ಅಷ್ಟು ಕ್ಷಾರ, ಅದರ ಮೇಲೆ ನೀರಿಗೆ ಹೋದ ಸಾಬೂನಿನ ಲೆಕ್ಕ. ನನ್ನ ಲೆಕ್ಕದಲ್ಲಿ ನಾಲ್ಕಾರು ಹನಿ ಸಾಕಿತ್ತು. ಅರ್ಧ ಬ್ಯೂರೆಟ್ ಖಾಲಿಯಾದರೂ ನೀರು ಗುಲಾಬಿಯೇ. ಆಮ್ಲ ಕೆಟ್ಟಿದೆ ಅಂದುಕೊಂಡು ಹೊಸದು ಮಾಡಿದೆ. ಎರಡನೆಯ ಬಾಟಲಿ, ಮೂರನೆಯದು, ಹತ್ತನೆಯದು. ಕಿಟಕಿಯ ಬಿಸಿಲಿನಲ್ಲಿ ಹತ್ತು ಗುಲಾಬಿ ಗ್ಲಾಸುಗಳು ಸಾಲಾಗಿ ನಿಂತಿದ್ದವು. ನೋಡಲು ಎಷ್ಟು ಚೆಂದ ಅಂತೀರಿ! ನಾನು ಮಾತ್ರ ಲೆಕ್ಕವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ನನ್ನ ಸಾಬೂನಿನಲ್ಲಿ ಅಷ್ಟು ಕ್ಷಾರವೇ ಇರಲಿಲ್ಲ. ಯಾರೋ ನೀರಿಗೆ ಬಟ್ಟೆ ಸೋಡಾ ಸುರಿದಿದ್ದರು, ಅದೂ ಹತ್ತೂ ಮನೆಯಲ್ಲಿ.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಮನೆಯ ಹೊಸ್ತಿಲಿಗೆ ಬಂದಾಗ ಏನೋ ಕಡಿಮೆ ಅನ್ನಿಸಿತು. ರಾಟಿಯ ಸದ್ದಿಲ್ಲ. ನಾನು ಹುಟ್ಟಿದಾಗಿನಿಂದ ಆ ಹೊತ್ತಿಗೆ ಅವ್ವ ರಾಟಿಯ ಮುಂದೆ ಕೂತು ಪುಟ್ಟ ಕೊಳವೆಗೆ ನೂಲು ಸುತ್ತಿ ಕಂಡಿಕೆ ಮಾಡುತ್ತಾಳೆ. ಅವಳು ಸುತ್ತಿದ ನೂಲೇ ಲಾಳಿಯೊಳಗೆ ಕೂತು ಅಪ್ಪನ ಮಗ್ಗದಲ್ಲಿ ಓಡಬೇಕು. ಅವತ್ತು ಮಗ್ಗವೂ ಸುಮ್ಮನಿತ್ತು.

"ಕಣ್ಣ ಮಂಜ ಆಗ್ಯಾವ, ಅದಕ್ಕ" ಅಂದಳು ಅವ್ವ, ಕೈ ಸೆರಗಿನೊಳಗೆ.

ಎಳೆದು ನೋಡಿದೆ. ಹತ್ತೂ ಬೆರಳು ಸೀಳಿದ್ದವು. ಬಿರುಕುಗಳಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಆ ಕೈಯಲ್ಲಿ ನೂಲು ಹಿಡಿದರೆ ಬಿರುಕಿಗೆ ತೊಡಕಿ ಹರಿಯುತ್ತಿತ್ತು, ಹರಿಯದಿದ್ದರೆ ಕಲೆಯಾಗುತ್ತಿತ್ತು.

ನನ್ನ ಕೂಗಾಟ ಕೇಳಿ ಬಾಜೂ ಮನೆಯ ಕಾಕಿ ಬಂದಳು. ಅವಳ ಕೈಯೂ ಹಾಗೇ. ನಿಜ ಹೇಳಿದವಳು ಅವಳೇ. "ನಿನ್ನ ಸಬಕಾರ ನಮ್ಮ ಬಾವಿ ನೀರಾಗ ಒಡದ ಹಾಲಾಗತೈತವ್ವಾ. ನೊರಿ ಎಲ್ಲೀದು? ಒಂದೊಂದ ಮುಷ್ಟಿ ಸೋಡಾ ಹಾಕ್ರಿ, ಬರತೈತಿ ಅಂತ ನಿಮ್ಮವ್ವನ ಹೇಳಿದ್ಲು. ಹುಡುಗಿ ನೌಕರಿ ಕಾಯಂ ಆಗಲಿ, ಆಮ್ಯಾಲ ನೋಡಿದ್ರಾತು ಅಂದ್ಲು."

"ಯಾಕ ಹೇಳಲಿಲ್ಲ ಬೇ ನನಗ?" ಅಂತ ಅವ್ವನ ಮೇಲೆ ಕಿರುಚಿದೆ.

"ಏನಂತ ಹೇಳಲಿ? ನೀ ಸಣ್ಣಾಕಿದ್ದಾಗ ಮೊದಲನೇ ರೊಟ್ಟಿ ಬಡದಿದ್ದಿ, ಕರ್ರಗ ಕರಕಾಗಿತ್ತು. ನಿಮ್ಮಪ್ಪ ಛಲೋ ಆಗೇತಿ ಅಂತ ಎರಡ ತಿಂದ. ಅವತ್ತ ಕೇಳಿದ್ದೇನು, ಯಾಕ ಹೇಳಲಿಲ್ಲ ಅಂತ?"

ನನಗೆ ಅಳು ಬಂತು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಪಕ್ಕದಲ್ಲಿ ದೂರದಿಂದ ಹೊತ್ತು ತಂದ ಸಿಹಿನೀರಿನ ಕೊಡ. ಓಣಿಯ ಬಾವಿಯದು ಸವಳು ನೀರು, ಅದರಲ್ಲಿ ಬೇಳೆ ಬೇಯುವುದಿಲ್ಲ ಅನ್ನುವುದು ಅಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆ ಕೊಡವನ್ನು ನಾನೂ ವರ್ಷಗಟ್ಟಲೆ ಹೊತ್ತಿದ್ದೆ. ಬಿಳಿ ಕೋಟು ಹಾಕಿದ ಮೇಲೆ ಎಲ್ಲ ನೀರೂ ಲ್ಯಾಬಿನ ನೀರೇ ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಮರುದಿನ ವಹಿಯನ್ನು ಮಾಲಕರ ಮುಂದಿಟ್ಟು, ಇದರಲ್ಲಿ ಬರೆದದ್ದೆಲ್ಲ ಸುಳ್ಳು, ಮಾಲು ಕಳಿಸಬೇಡಿ ಅಂದೆ. ನೌಕರಿ ಹೋಯಿತು ಅಂತಲೇ ತಿಳಿದಿದ್ದೆ. ಅವರು ಮೇಜಿನ ಮೇಲಿದ್ದ ಹೊಸ ಅಚ್ಚನ್ನು ಎತ್ತಿ ಪಕ್ಕಕ್ಕಿಟ್ಟರು.

"ಹೆತ್ತವ್ವಗ ಹೆಗ್ಗಣ ಮುದ್ದ ಅಂತಾರ. ನೀ ಹೋಗಿ ಹೋಗಿ ಹೆತ್ತವ್ವನ್ನ ಕೇಳಿದೆಲ್ಲ ತಂಗಿ!" ಅಂದರು. ಆಮೇಲೆ, "ಕಾಯಂ ಮಾತು ಬ್ಯಾಡ ಈಗ. ದೀಪಾವಳಿ ಮಟಾ ಟೈಮ್ ಕೊಡತೇನಿ. ಅಷ್ಟರಾಗ ಆಗಲಿಲ್ಲಂದ್ರ ನೀನ ಮನಿಗಿ ಹೋಗು."

ಓಣಿಯ ಬಾವಿ ನೀರನ್ನು ಎರಡು ಡಬ್ಬಿ ತುಂಬಿಕೊಂಡು ಬಸ್ ಹತ್ತಿದೆ. "ಜಮಖಂಡ್ಯಾಗ ನೀರ ಇಲ್ಲೇನ್ರೀ ಬಾಯಾರ?" ಅಂತ ಕಂಡಕ್ಟರ್ ನಕ್ಕ. ಇಲ್ಲಪ್ಪ, ಇಂಥಾದ್ದಿಲ್ಲ ಅಂದೆ. ಬಟ್ಟಿ ಯಂತ್ರ ಮೂಲೆಯಲ್ಲಿ ಹನಿಯುತ್ತಲೇ ಇತ್ತು, ನಾನು ಸವಳು ನೀರಿನಲ್ಲಿ ಕೈಯದ್ದಿ ಕೂತೆ. ಆ ನೀರಿನ ಸುಣ್ಣದ ಅಂಶವನ್ನು ಹಿಡಿದಿಡುವ ಪುಡಿಗಳನ್ನು ಒಂದೊಂದಾಗಿ ಸಾಬೂನಿಗೆ ಬೆರೆಸಿ ನೋಡುವುದು, ಒಡೆದರೆ ಚೆಲ್ಲುವುದು. ಮಳೆಗಾಲವೆಲ್ಲ ಹೀಗೇ ಹೋಯಿತು, ಬಟ್ಟೆಗೆಲ್ಲ ಒದ್ದೆ ಸಾಬೂನಿನ ವಾಸನೆ. ಇತ್ತ ಅವ್ವ ಬೆರಳಿಗೆ ಔಡಲೆಣ್ಣೆ ಹಚ್ಚಿ ಅರಿವೆ ಸುತ್ತಿಕೊಂಡು ಕೂತಿರುತ್ತಿದ್ದಳು. ಕೈ ಮಾಯುವ ತನಕ ಕಂಡಿಕೆಯನ್ನು ಅಪ್ಪನೇ ಸುತ್ತಿಕೊಂಡ.

ದಸರೆ ಮುಗಿದ ಮೇಲೆ ಹೊಸ ಬಿಲ್ಲೆ ತೆಗೆದುಕೊಂಡು ಹೋದೆ. ವಹಿಯಲ್ಲಿ ನಾಲ್ಕನೆಯ ಕಾಲಂ ಸೇರಿಸಿದ್ದೆ: ಕೈ. "ಈ ಸಲ ಸುಳ್ಳ ಹೇಳಿದ್ರ ನನ್ನ ಆಣಿ ಐತಿ" ಅಂದೆ.

ಎಂಟು ದಿನ ಒಗೆದು ಅವ್ವ ಬಾಯಿ ಬಿಟ್ಟಳು. "ವಾಸನಿ ಹೊಲಸ ಐತಿ, ಇಲಿ ಸತ್ತಂಗ. ಬಣ್ಣ ನೋಡಿದ್ರ ಮುಟ್ಟಾಕ ಮನಸಾಗುದಿಲ್ಲ. ಲಗೂ ಸವೀತೈತಿ. ಯಾವಾಕಿ ಮಾಡ್ಯಾಳೋ ಇದನ್ನ, ಆಕೀಗಿ ಕಣ್ಣಿಲ್ಲ ಮೂಗಿಲ್ಲ." ಓಣಿಯ ಹೆಂಗಸರೆಲ್ಲ ನಗಾಡಿದರು. ನಾನು ಬರೆದುಕೊಳ್ಳುತ್ತಲೇ ಹೋದೆ. ಜನ್ಮದಲ್ಲಿ ಅಷ್ಟು ಖುಷಿಯಿಂದ ಬೈಸಿಕೊಂಡವಳಲ್ಲ.

"ನೊರಿ?" ಅಂದೆ.

"ಅದು ಬರತೈತಿ. ಸೋಡಾ ಹಾಕಿಲ್ಲ."

"ಕೈ?"

ಅವಳು ಎದ್ದಳು. ಒಳಗೆ ಹೋಗಿ ರಾಟಿಯ ಮುಂದೆ ಕೂತಳು. ಕೆಂಪು ರೇಷ್ಮೆಯ ಎಳೆಯನ್ನು ಬೆರಳ ನಡುವೆ ಹಿಡಿದು ಚಕ್ರ ತಿರುಗಿಸಿದಳು. ನಾನು ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಂದು ಕಂಡಿಕೆ ಪೂರ್ತಿ ತುಂಬಿತು.

"ಹಂ, ಬರಕೋ" ಅಂದಳು ಅವ್ವ. "ದಾರ ತೊಡಕಲಿಲ್ಲ."