ಬಾಣಾವರದ ಜಟಕಾ ಕುದುರೆಗಳ ಲತಾಮಣಿ

ಬಾಣಾವರದ ಲತಾಮಣಿಯವರನ್ನು ಸಂಜೆ ಹೊತ್ತು ಮನೆಯಲ್ಲಿ ಹುಡುಕುವವರು ಊರಿಗೆ ಹೊಸಬರೇ ಇರಬೇಕು. ಆಫೀಸು ಬಿಟ್ಟವರೇ ಲೂನಾ ಹತ್ತಿ ಅವರು ಊರಾಚೆಯ ಹುಲ್ಲುಗಾವಲಿಗೆ ಹೋಗುತ್ತಾರೆ. ಆಟೋಗಳು ಬಂದ ಮೇಲೆ ಜಟಕಾದವರು ತಮ್ಮ ಕುದುರೆಗಳನ್ನು ಬಿಟ್ಟುಹೋದದ್ದು ಅಲ್ಲೇ. ನೋಡಿಕೊಳ್ಳಿ ಅಂತ ಇವರಿಗೆ ಯಾರೂ ಹೇಳಿಲ್ಲ. ಆದರೂ ಒಂದೊಂದರ ಗೊರಸು ಎತ್ತಿ ನೋಡಬೇಕು, ಕತ್ತಿನ ಜೂಲಿಗೆ ಅಂಟಿದ ಉತ್ತರಾಣಿ ಮುಳ್ಳು ಬಿಡಿಸಬೇಕು, ಯಾವುದಾದರೂ ಕುಂಟಿದರೆ ದನದ ಡಾಕ್ಟರನ್ನು ಊಟದ ತಟ್ಟೆಯಿಂದಲೇ ಎಬ್ಬಿಸಿ ತರಬೇಕು. ಮುದಿ ಕುದುರೆಯನ್ನೂ "ನೀರು ಕುಡಿದ್ರಾ?" ಅಂತಲೇ ಕೇಳುತ್ತಾರೆ. ನಕ್ಕವರಿಗೆ, "ಊರನ್ನೆಲ್ಲ ಎಳೆದು ದಣಿದವರು ಕಣ್ರೀ, ಹೋಗೋ ಬಾರೋ ಅನ್ನಕ್ಕೆ ಮನಸ್ಸು ಬರಲ್ಲ" ಎಂಬ ಉತ್ತರ ಸಿದ್ಧ. ಮಳೆಯಿರಲಿ, ಜ್ವರವಿರಲಿ, ಸಂಜೆ ರೈಲಿನ ಹೊತ್ತಿಗಂತೂ ಅವರು ಅಲ್ಲಿರಲೇಬೇಕು. ಯಾಕೆಂದರೆ ರೈಲು ಕೂಗಿದ್ದೇ ತಡ, ಕುದುರೆಗಳು ಮೇಯುವುದು ಬಿಟ್ಟು, ಸವಾರಿಗೆ ಹೋಗುತ್ತಿದ್ದ ಹಳೇ ಅಭ್ಯಾಸದಲ್ಲಿ ಸ್ಟೇಷನ್ ಕಡೆ ಹೊರಡುತ್ತವೆ. ನಡುವೆ ಲಾರಿ ಓಡಾಡುವ ಟಾರು ರಸ್ತೆ. ಕಂದು ಹೆಣ್ಣು ಕುದುರೆಯೊಂದು ಸತ್ತದ್ದು ಅಲ್ಲೇ. ಲತಾಮಣಿ ರಸ್ತೆಯಂಚಿನಲ್ಲಿ ಅಡ್ಡ ನಿಲ್ಲುತ್ತಾರೆ. ಬೆನ್ನ ಹಿಂದೆ, ರೈಲಿಳಿದವರನ್ನು ತುಂಬಿಕೊಂಡ ಆಟೋಗಳು ಸಾಲಾಗಿ ಹೋಗುತ್ತಿರುತ್ತವೆ. ಮುಂದೆ ಬಂದ ಕುದುರೆಯ ಹಣೆಗೆ ಅಂಗೈಯಿಟ್ಟು ಅವರು ಮೆಲ್ಲಗೆ ಹೇಳುತ್ತಾರೆ: "ಇವತ್ತು ಯಾರೂ ಇಳಿದಿಲ್ಲ ಕಣ್ರಪ್ಪಾ, ಹೋಗಿ ಮೇಯ್ಕೊಳ್ಳಿ."